ನಾಲ್ಕನೆಯ ಕಾರಣ

ಧಾರಿಣಿ ಸಮುದ್ರವನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಬಿ.ಎ. ಎರಡನೇ ವರ್ಷದ ಕಾಲೇಜು ಪ್ರವಾಸದಲ್ಲಿ. ಆದರೂ ಗುರುಗ್ರಾಮದ ಉದ್ಯೋಗ ವಿಹಾರದ ಒಂದು ಕಟ್ಟಡದ ಐದನೇ ಮಹಡಿಯಲ್ಲಿ ಕೂತು ಎರಡು ವರ್ಷದಿಂದ ದಿನಕ್ಕೆ ಐವತ್ತು ಅರವತ್ತು ಜನರ ಹತ್ತಿರ ಹಡಗಿನ ವಿಷಯವನ್ನೇ ಮಾತಾಡುತ್ತಿದ್ದಳು. ಯಾವ ಮಹಡಿಯಲ್ಲಿ ಈಜುಕೊಳ, ಯಾವ ಬದಿಯ ಕೋಣೆಗೆ ಅಲೆಯ ಹೊಡೆತ ಕಡಿಮೆ, ಎಷ್ಟು ಗಂಟೆಗೆ ಬಂದರು ಸೇರುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ.

ಹೊಸದುರ್ಗದಿಂದ ದಿಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಓಲ್ಡ್ ರಾಜಿಂದರ್ ನಗರದಲ್ಲಿ ಮೂವರ ಜೊತೆ ಒಂದು ಕೋಣೆ ಹಂಚಿಕೊಂಡು ಐಎಎಸ್ ಕೋಚಿಂಗ್ ತೆಗೆದುಕೊಂಡಳು. ನಾಲ್ಕು ಸಲ ಪರೀಕ್ಷೆ ಬರೆದಳು. ಎರಡು ಸಲ ಮೊದಲ ಹಂತದಲ್ಲೇ ಬಿದ್ದಳು, ಎರಡು ಸಲ ಮೇನ್ಸ್ ತನಕ ಹೋಗಿ ಬಿದ್ದಳು. ಊರಿಗೆ ವಾಪಸು ಹೋದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುವಷ್ಟರಲ್ಲಿ ಹತ್ತು ಜನಕ್ಕೆ ಉತ್ತರ ಹೇಳಬೇಕು ಎಂದು ಹೆದರಿ ಇಲ್ಲೇ ಉಳಿದಳು. ಸಂಪಾದಕೀಯಗಳನ್ನು ಓದಿ ಓದಿ ಇಂಗ್ಲಿಷು ಚೆನ್ನಾಗಿ ಕುದುರಿತ್ತು. ಆ ಇಂಗ್ಲಿಷೇ ಈ ಕೆಲಸ ಕೊಡಿಸಿತು.

ಹಡಗಿನ ಕಂಪನಿ ಆಸ್ಟ್ರೇಲಿಯಾದ ಬಂದರುಗಳಿಂದ ಹತ್ತು ಹನ್ನೆರಡು ದಿನದ ವಿಹಾರ ಪ್ರವಾಸ ನಡೆಸುವಂಥದ್ದು. ಅದರ ಗ್ರಾಹಕರ ಕರೆಗಳಿಗೆ ಉತ್ತರಿಸುವ ಗುತ್ತಿಗೆ ಧಾರಿಣಿಯ ಆಫೀಸಿನದು. ಆ ಕಂಪನಿಯ ಹೆಸರನ್ನು ಹೊರಗೆ ಯಾರಿಗೂ ಹೇಳಬಾರದೆಂದು ಸೇರುವ ದಿನವೇ ಸಹಿ ಮಾಡಿಸಿಕೊಂಡಿದ್ದರು. ಹಡಗಿನೊಳಗಿನ ಸ್ವಾಗತದ ಮೇಜಿನವರಿಗೆ ಪುರುಸೊತ್ತಿಲ್ಲದಾಗ ಕೋಣೆಯ ಫೋನಿನಿಂದ ಮಾಡಿದ ಕರೆಗಳೂ ಉಪಗ್ರಹದ ಮೂಲಕ ಇಲ್ಲಿಗೇ ಬರುತ್ತಿದ್ದವು. ಪೆಸಿಫಿಕ್ ಸಾಗರದ ನಡುವೆ ತೇಲುತ್ತಿರುವ ಯಾರೋ ಮುದುಕಿಗೆ ತಾನು ಮಾತಾಡುತ್ತಿರುವುದು ಹರಿಯಾಣದ ಹುಡುಗಿಯರ ಸಾಲಿನಲ್ಲಿ ಕೂತ ಹೊಸದುರ್ಗದವಳ ಜೊತೆ ಎಂದು ಗೊತ್ತಾಗುವ ಸಂಭವವೇ ಇರಲಿಲ್ಲ.

ಅವಳ ತಂಡಕ್ಕೆ ಬರುತ್ತಿದ್ದುದರಲ್ಲಿ ಅರ್ಧಕ್ಕರ್ಧ ಒಂದೇ ತಕರಾರು, ಗ್ರ್ಯಾಚುಯಿಟಿ. ತರಬೇತಿಯ ಮೊದಲ ದಿನ ಆ ಮಾತು ಕೇಳಿದಾಗ ಧಾರಿಣಿ ಅದು ನಿವೃತ್ತಿಯಾದವರಿಗೆ ಸಿಗುವ ಹಣ ಅಂದುಕೊಂಡಿದ್ದಳು. ಇಲ್ಲಿ ಅದಕ್ಕೆ ಭಕ್ಷೀಸು ಎಂದರ್ಥ. ಆದರೆ ಕೈಯಾರೆ ಕೊಡುವ ಭಕ್ಷೀಸಲ್ಲ. ಹಡಗು ಹತ್ತಿದ ಪ್ರತಿಯೊಬ್ಬರ ಲೆಕ್ಕಕ್ಕೆ ದಿನಕ್ಕಿಷ್ಟು ಡಾಲರ್ ಎಂದು ತಾನಾಗಿಯೇ ಸೇರುತ್ತದೆ. ಕೋಣೆ ಗುಡಿಸುವವರು, ಊಟ ಬಡಿಸುವವರು, ಬಟ್ಟೆ ಒಗೆಯುವವರು ಎಲ್ಲರಿಗೂ ಅದು ಹಂಚಿಹೋಗುತ್ತದೆ. ಅವರ ಸಂಬಳ ತೀರಾ ಕಡಿಮೆ, ಈ ಹಂಚಿಕೆಯೇ ಜೀವನಾಧಾರ. ಬೇಡವೆಂದು ಪ್ರಯಾಣಿಕರು ಕೇಳಿದರೆ ತೆಗೆದುಹಾಕಬೇಕು ಎಂಬುದೂ ಕಂಪನಿಯದೇ ನಿಯಮ.

ಪ್ರಯಾಣಿಕರು ಕೇಳುತ್ತಿದ್ದರು. ನಮ್ಮ ದೇಶದಲ್ಲಿ ಈ ಪದ್ಧತಿಯಿಲ್ಲ ಎನ್ನುತ್ತಿದ್ದರು, ಟಿಕೆಟ್ ತೆಗೆದುಕೊಳ್ಳುವಾಗ ಯಾರೂ ಹೇಳಲಿಲ್ಲ ಎನ್ನುತ್ತಿದ್ದರು, ಕೆಲಸಗಾರರಿಗೆ ಸಂಬಳ ಕೊಡಬೇಕಾದವರು ನೀವಲ್ಲವೇ ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ ಎಂದು ಧಾರಿಣಿಗೂ ಅನ್ನಿಸುತ್ತಿತ್ತು. ಕಲಿಸಿದ ಎರಡು ವಾಕ್ಯಗಳಲ್ಲಿ ಒಮ್ಮೆ ಮನವೊಲಿಸಲು ನೋಡುತ್ತಿದ್ದಳು, ಒಪ್ಪದಿದ್ದರೆ ಪರದೆಯ ಮೇಲಿನ ಫಾರಂ ತೆರೆಯುತ್ತಿದ್ದಳು. ಅದರಲ್ಲಿ ಶುಲ್ಕ ತೆಗೆಯಲು ಐದು ಕಾರಣಗಳ ಪಟ್ಟಿಯಿತ್ತು. ಏಜೆಂಟ್ ಮೊದಲೇ ಕಟ್ಟಿದ್ದಾರೆ, ಎರಡು ಸಲ ಕಡಿತವಾಗಿದೆ, ಎರಡು ವರ್ಷದೊಳಗಿನ ಮಗು, ಸೇವೆ ತೃಪ್ತಿಕರವಾಗಿಲ್ಲ, ಇತರೆ. ಕೊನೆಯದನ್ನು ಆರಿಸಿದರೆ ವಿವರಣೆ ಬರೆಯಬೇಕು, ಮೇಲಿನವರ ಒಪ್ಪಿಗೆಗೆ ಕಳಿಸಬೇಕು, ಕರೆ ಮುಚ್ಚಲು ಹತ್ತು ನಿಮಿಷವಾಗುತ್ತದೆ. ಒಂದು ಕರೆಗೆ ಅವರಿಗೆ ಸಿಗುತ್ತಿದ್ದುದು ನಾಲ್ಕೂವರೆ ನಿಮಿಷ. 'ನಾಲ್ಕು ಹಾಕಿ ಮುಂದೆ ಹೋಗಿ' ಎಂದು ತರಬೇತಿ ಕೊಟ್ಟವನೇ ಹೇಳಿದ್ದ. ಇಡೀ ಮಹಡಿ ನಾಲ್ಕು ಹಾಕುತ್ತಿತ್ತು. ಧಾರಿಣಿಯೂ ಹಾಕುತ್ತಿದ್ದಳು. ಅದು ಕರೆ ಮುಗಿಸುವ ಒಂದು ಗುಂಡಿ, ಅಷ್ಟೇ ಅಂದುಕೊಂಡಿದ್ದಳು.

ಅವಳಿದ್ದುದು ಮುನಿರ್ಕಾದ ಒಂದು ಓಣಿಯಲ್ಲಿ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ. ನಸುಕಿನ ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಂದು ಮಲಗಿದರೆ ಸಂಜೆ ಕೆಳಗಿನ ಮೊಮೊ ಅಂಗಡಿಯ ಗದ್ದಲಕ್ಕೆ ಎಚ್ಚರ. ಈ ಊರಿನಲ್ಲಿ ಅವಳಿಗೆ ಮನೆಯವರೆಂದು ಇದ್ದವರು ಪದ್ಮಕ್ಕ ಒಬ್ಬರೇ. ಅವರ ಗಂಡ ಮಲ್ಲಿಕಾರ್ಜುನ ಕೇಂದ್ರ ಸರ್ಕಾರದ ಯಾವುದೋ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್, ವಾಸ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ. ಒಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪರಿಚಯವಾಗಿ, ಕೊನೆಗೆ ಪದ್ಮಕ್ಕನ ಮಗಳು ಇಂಚರಾಳಿಗೆ ಪ್ರತಿ ಭಾನುವಾರ ಕನ್ನಡ ಓದಲು ಬರೆಯಲು ಕಲಿಸುವುದೆಂದು ಆಗಿತ್ತು. ಹುಡುಗಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಪಾಠ ಮುಗಿದ ಮೇಲೆ ಧಾರಿಣಿಗೆ ಅಲ್ಲೇ ಊಟ.

ಫೆಬ್ರವರಿಯ ಒಂದು ಭಾನುವಾರ ಆ ಮನೆಗೆ ಹೋದಾಗ ಪದ್ಮಕ್ಕನ ತಮ್ಮ ಸಂದೀಪ್ ಬಂದಿದ್ದ. ಅಂಕೋಲಾ ಕಡೆಯವರು ಅವರು. ತಮ್ಮ ಹಡಗಿನಲ್ಲಿದ್ದಾನೆ ಎಂದು ಪದ್ಮಕ್ಕ ಹೇಳುತ್ತಿದ್ದರಾದರೂ ಸರಕಿನ ಹಡಗೆಂದು ಧಾರಿಣಿ ಭಾವಿಸಿದ್ದಳು. ಮೂವತ್ತಮೂರು ಮೂವತ್ನಾಲ್ಕರ ಸಣಕಲು ಆಸಾಮಿ, ಮೆತ್ತಗೆ ಮಾತಾಡುತ್ತಿದ್ದ. ಸುಮ್ಮನೆ ಕೂರುವುದೇ ಗೊತ್ತಿಲ್ಲದವನಂತೆ ದಿವಾನಿನ ಹೊದಿಕೆಯ ಸುಕ್ಕು ತೀಡುತ್ತಿದ್ದ. ಟವೆಲೊಂದನ್ನು ಮಡಚಿ ಸುತ್ತಿ ಇಂಚರಾಳಿಗೆ ಆನೆ ಮಾಡಿಕೊಟ್ಟ.

"ಮಾಮಾ, ಏಕ್ ಔರ್. ಈ ಸಲ ಬಂದರ್," ಅಂದಳು ಇಂಚರಾ.

"ಕೋತಿ ಅನ್ನು, ಮಾಡಿಕೊಡ್ತೇನೆ."

"ಚಲೋ, ಕೋತಿ."

ಊಟವಾದ ಮೇಲೆ ಪದ್ಮಕ್ಕ ತಟ್ಟೆ ಎತ್ತುತ್ತಾ ಮಾತು ತೆಗೆದರು. "ಧಾರಿಣಿ, ನಿನ್ನಿಂದ ಒಂದು ಉಪಕಾರ ಆಗಬೇಕಲ್ಲೇ. ಇವನಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಬೇಕು. ಏಳು ವರ್ಷ ದುಡಿದಿದ್ದಾನೆ, ಈಗ ಇದ್ದಕ್ಕಿದ್ದ ಹಾಗೆ ಬೇಡ ಅಂತಿದ್ದಾರೆ. ನಮ್ಮ ಮನೆಯವರ ಇಂಗ್ಲಿಷು ಫೈಲಿಗೆ ಸರಿ, ಇಂಥದಕ್ಕೆ ಆಗಲ್ಲ."

ಸಂದೀಪ್ ಕವರಿನಿಂದ ಎರಡು ಹಾಳೆ ತೆಗೆದು ಕೊಟ್ಟ. ಮೇಲೆ ಅಚ್ಚಾಗಿದ್ದ ಗುರುತನ್ನು ಧಾರಿಣಿ ಎರಡೆರಡು ಸಲ ನೋಡಿದಳು. ದಿನವೂ ತನ್ನ ಪರದೆಯ ಎಡಮೂಲೆಯಲ್ಲಿ ಕಾಣುವ ನೀಲಿ ಗುರುತೇ ಅದು.

ಸಂದೀಪ್ ಆ ಕಂಪನಿಯ ಹಡಗಿನಲ್ಲಿ ಕೋಣೆ ಗುಡಿಸಿ ಅಣಿಗೊಳಿಸುವ ಕೆಲಸದವನು. ಒಂಬತ್ತು ತಿಂಗಳ ಗುತ್ತಿಗೆ ಮುಗಿಸಿ ರಜಕ್ಕೆ ಬಂದವನಿಗೆ ಎರಡು ತಿಂಗಳಲ್ಲಿ ಮತ್ತೆ ಕರೆ ಬರಬೇಕಿತ್ತು, ಬಂದಿರಲಿಲ್ಲ. ನೆಹರೂ ಪ್ಲೇಸಿನ ನೇಮಕಾತಿ ಏಜೆನ್ಸಿಗೆ ಬಂದು ಕೇಳಿದಾಗ ಈ ಕಾಗದ ಕೈಗಿಟ್ಟಿದ್ದರು. ಕಳೆದ ಗುತ್ತಿಗೆಯಲ್ಲಿ ಅವನ ಪಾಲಿನ ಹದಿನಾಲ್ಕು ಕೋಣೆಗಳ ಅತಿಥಿಗಳು ಸೇವೆ ತೃಪ್ತಿಕರವಾಗಿಲ್ಲವೆಂದು ಭಕ್ಷೀಸಿನ ಶುಲ್ಕವನ್ನು ತೆಗೆಸಿದ್ದಾರೆ. ಇದು ಮಿತಿಗಿಂತ ಹೆಚ್ಚು. ಆದ್ದರಿಂದ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ. ಎರಡನೇ ಹಾಳೆಯಲ್ಲಿ ಕೋಣೆಯ ಸಂಖ್ಯೆ, ತಾರೀಖು, ಕಾರಣದ ಸಂಖ್ಯೆ. ಕೊನೆಯ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ನಾಲ್ಕು, ನಾಲ್ಕು, ನಾಲ್ಕು.

"ಯಾರಾದ್ರೂ ಒಬ್ರು ಎದುರಿಗೆ ಒಂದು ಮಾತು ಅಂದಿದ್ರೆ ತಿದ್ಕೋತಿದ್ದೆ," ಅಂದ ಸಂದೀಪ್. "ಯಾರೂ ಏನೂ ಅನ್ಲಿಲ್ಲ. ನೋಡಿ, ಈ ಅಜ್ಜ ಅಜ್ಜಿ." ಅವನ ಬೆರಳು ಪಟ್ಟಿಯ ಆರನೇ ಸಾಲಿನ ಮೇಲಿತ್ತು. "ಅಜ್ಜನಿಗೆ ಮಂಡಿನೋವು, ದಿನಾ ಬಿಸಿನೀರಿನ ಚೀಲ ತುಂಬಿ ಕೊಡ್ತಿದ್ದೆ. ಇಳಿಯೋ ದಿನ ಅಜ್ಜಿ ನನ್ನ ಕೈ ಹಿಡ್ಕೊಂಡು ಅತ್ರು. ಇಪ್ಪತ್ತು ಡಾಲರಿನ ಕವರ್ ಕೊಟ್ರು. ಅಷ್ಟೊತ್ತಿಗೆ ಅವರು ಶುಲ್ಕ ತೆಗೆಸಿದ್ದು ನಮ್ಮ ಸೂಪರ್ವೈಸರಿಗೆ ಗೊತ್ತಾಗಿತ್ತು. ಶುಲ್ಕ ತೆಗೆಸಿದ ಕೋಣೆಯಿಂದ ಕೈಗೆ ಬಂದ ನಗದನ್ನೂ ನಾವು ಒಪ್ಪಿಸಬೇಕು, ರೂಲ್ಸು. ಒಪ್ಪಿಸ್ದೆ. ಅಳೋವಷ್ಟು ಪ್ರೀತಿ ಇದ್ದವರು ಹೀಗ್ಯಾಕೆ ಬರೆಸಿದ್ರು ಅನ್ನೋದೇ ಅರ್ಥ ಆಗ್ತಿಲ್ಲ."

ಧಾರಿಣಿಗೆ ಅರ್ಥವಾಗಿತ್ತು. ಅರ್ಜಿ ಬರೆಯಲು ಬೇಕೆಂದು ಎರಡೂ ಹಾಳೆಗಳ ಫೋಟೋ ತೆಗೆದುಕೊಂಡು ಎದ್ದಳು. ಮುನಿರ್ಕಾಕ್ಕೆ ನಡೆದುಬರುವಾಗ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಇಪ್ಪತ್ತೈದು ಎಂದರೂ ಎರಡು ವರ್ಷಕ್ಕೆ ಎಷ್ಟು ನಾಲ್ಕು? ಆ ಸಂಖ್ಯೆ ಹೋಗಿ ಅಂಟಿಕೊಂಡ ಹೆಸರುಗಳೆಷ್ಟು?

ಮರುದಿನ ಆಫೀಸಿನಲ್ಲಿ ಕರೆಗಳ ನಡುವಿನ ಬಿಡುವಿನಲ್ಲಿ ಕೋಣೆಯ ಸಂಖ್ಯೆಗಳನ್ನು ಹುಡುಕಿದಳು. ಅವರವರು ಮುಚ್ಚಿದ ಕರೆಗಳು ಮಾತ್ರ ಅವರವರಿಗೆ ಕಾಣುತ್ತವೆ. ಹದಿನಾಲ್ಕರಲ್ಲಿ ಮೂರು ಕಂಡವು. ಮೂರೂ ಅವಳವೇ, ಮತ್ತು ಮೂರರಲ್ಲಿ ಒಂದು ಆ ಆರನೇ ಸಾಲಿನದು. ಧ್ವನಿಮುದ್ರಣವನ್ನು ಹಾಕಿ ಕೇಳಿದಳು. ಮುದುಕಿಯ ಧ್ವನಿ, ಸಂಕೋಚದಿಂದ ತಗ್ಗಿದ್ದು. ಹುಡುಗ ಬಂಗಾರದಂಥವನಮ್ಮ, ಅವನ ವಿಷಯದಲ್ಲಿ ದೂರೇನೂ ಇಲ್ಲ, ನಾವು ಪಿಂಚಣಿಯ ಮೇಲಿರುವವರು, ಇಷ್ಟೊಂದು ಆಗುತ್ತದೆಂದು ತಿಳಿದಿರಲಿಲ್ಲ, ಅವನಿಗೆ ನಮ್ಮ ಕೈಲಾದದ್ದು ನಾವೇ ಕೊಡುತ್ತೇವೆ ಎನ್ನುತ್ತಿದ್ದಳು. ಅದಾದ ಮೇಲೆ ತನ್ನದೇ ಧ್ವನಿ. ಖಂಡಿತ ಮೇಡಂ, ಈಗಲೇ ತೆಗೆದುಬಿಡುತ್ತೇನೆ, ಬೇರೇನಾದರೂ ಸಹಾಯ ಬೇಕೇ? ಇಡೀ ಕರೆ ಮೂರು ನಿಮಿಷ ಐವತ್ತು ಸೆಕೆಂಡು. ಆ ವಾರ ಅವಳ ಸರಾಸರಿ ಚೆನ್ನಾಗಿತ್ತೆಂದು ಎಲ್ಲರೆದುರು ಚಪ್ಪಾಳೆ ಹೊಡೆಸಿದ್ದು ನೆನಪಾಯಿತು.

ತಂಡದ ಮುಖ್ಯಸ್ಥೆ ಶಿಖಾ ದಹಿಯಾ ರೋಹ್ತಕ್ ಕಡೆಯವಳು, ಧಾರಿಣಿಗಿಂತ ಐದಾರು ವರ್ಷ ದೊಡ್ಡವಳು. ಮಾತು ಒರಟು, ಆದರೆ ಕೆಟ್ಟವಳಲ್ಲ. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಧಾರಿಣಿ ಎಲ್ಲವನ್ನೂ ಹೇಳಿದಳು. ಸಂದೀಪನ ಹೆಸರನ್ನಷ್ಟೇ ಬಿಟ್ಟಳು.

ಶಿಖಾ ಚಹಾ ಮುಗಿಸಿದಳು. "ದೇಖ್, ನನಗೆ ಇದು ಗೊತ್ತಿತ್ತು," ಅಂದಳು ಕೊನೆಗೆ.

"ಗೊತ್ತಿದ್ದೂ ಸುಮ್ಮನಿದ್ದೀರಾ ಮ್ಯಾಮ್?"

"ಸುಮ್ಮನಿರಲಿಲ್ಲ. ಎರಡು ವರ್ಷದ ಹಿಂದೆ ನಾನೇ ಮೇಲಕ್ಕೆ ಬರೆದಿದ್ದೆ. 'ಅತಿಥಿಗೆ ಇಷ್ಟವಿಲ್ಲ' ಅಂತ ಇನ್ನೊಂದು ಸಾಲು ಸೇರಿಸಿ ಅಂದೆ, ಅಷ್ಟೇ. ಹನ್ನೊಂದು ದಿನದಲ್ಲಿ ಉತ್ತರ ಬಂತು. ಫಾರಂ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅಂತ. ಫಾರಂ ನಮ್ಮದಲ್ಲ ಯಾರ್, ಹಡಗಿನ ಕಂಪನಿಯದು."

"ಆ ಮೂರು ಕರೆಗಳನ್ನಾದ್ರೂ ತಿದ್ದಬಹುದಲ್ಲ. ಧ್ವನಿಯೇ ಇದೆ, ಹುಡುಗ ಬಂಗಾರ ಅಂತ ಆಕೆಯೇ ಹೇಳಿದ್ದಾಳೆ."

"ಅರವತ್ತು ದಿನದ ಮೇಲೆ ಕೇಳಬಹುದು ಅಷ್ಟೇ, ಯಾವ ದಾಖಲೆಯೂ ತಿದ್ದಲು ತೆರೆಯಲ್ಲ. ನನಗೂ ತೆರೆಯಲ್ಲ, ನನ್ನ ಮೇಲಿನವರಿಗೂ ತೆರೆಯಲ್ಲ. ಆ ಧ್ವನಿಯನ್ನು ಹೊರಗೆ ಒಯ್ಯುವ ಯೋಚನೆ ಇದ್ದರೆ ಈಗಲೇ ಬಿಡು. ಅವತ್ತೇ ನಿನ್ನ ಕಾರ್ಡು ಕಿತ್ತುಕೊಳ್ಳುತ್ತಾರೆ, ಮೇಲೆ ಕೇಸು ಬೇರೆ. ಆ ಹುಡುಗನಿಗೆ ಅದರಿಂದ ಏನೂ ಸಿಗಲ್ಲ." ಲೋಟ ಎತ್ತಿಕೊಂಡು ಹೊರಟವಳು ಒಂದು ಕ್ಷಣ ನಿಂತಳು. "ನಿನ್ನ ಪರಿಚಯದವನಾ?"

"ಹೂಂ."

"ಅಚ್ಛಾ," ಅಂದು ಶಿಖಾ ಹೋದಳು.

ಧಾರಿಣಿ ನೌಕರರ ಸಲಹೆಯ ಪೆಟ್ಟಿಗೆಗೂ ಬರೆದಳು. ಸ್ವೀಕರಿಸಿದ್ದೇವೆ ಎಂಬ ಉತ್ತರ ಬಂತು, ಜೊತೆಗೊಂದು ಸಂಖ್ಯೆ. ನಾಲ್ಕು ದಿನದ ಮೇಲೆ ಆ ಸಂಖ್ಯೆಯ ಮುಂದೆ ಮುಕ್ತಾಯವಾಗಿದೆ ಎಂದು ಬಂತು.

ಸಂದೀಪನ ಅರ್ಜಿಯನ್ನು ಮೂರು ಸಲ ಬರೆದು ಹರಿದಳು. ಫಾರಂ ಹೇಗಿದೆ, ಅದನ್ನು ತುಂಬುವವರು ಯಾಕೆ ಹಾಗೆ ತುಂಬುತ್ತಾರೆ ಎಂಬ ಒಂದೇ ಪ್ಯಾರಾ ಬರೆದರೆ ಸಾಕಿತ್ತು. ಅದನ್ನು ಬರೆದರೆ ಅದು ಎಲ್ಲಿಂದ ಬಂತೆಂದು ಕಂಡುಹಿಡಿಯುವುದು ಅರ್ಧ ದಿನದ ಕೆಲಸ. ಅವಳ ಮನೆಬಾಡಿಗೆ, ಊರಿನಲ್ಲಿ ಅಪ್ಪನ ಡಯಾಲಿಸಿಸ್ ಎರಡೂ ಈ ಕೆಲಸದ ಮೇಲೆ ನಿಂತಿದ್ದವು. ಕಡೆಗೆ, 'ಅತಿಥಿಗಳು ಹೇಳಿದ ಕಾರಣಕ್ಕೂ ದಾಖಲಾದ ಕಾರಣಕ್ಕೂ ವ್ಯತ್ಯಾಸವಿರಬಹುದು, ದಯವಿಟ್ಟು ಕರೆಗಳ ಧ್ವನಿಮುದ್ರಣವನ್ನು ಕೇಳಿ ನೋಡಿ' ಎಂಬ ಒಂದು ವಾಕ್ಯವನ್ನು ನಡುವೆ ಸೇರಿಸಿದಳು. ಅದಕ್ಕಿಂತ ಹೆಚ್ಚು ಧೈರ್ಯ ಬರಲಿಲ್ಲ.

ಅರ್ಜಿ ಕೊಡಲು ಅವನು ನೆಹರೂ ಪ್ಲೇಸಿಗೆ ಹೊರಟ ದಿನ ಧಾರಿಣಿಗೆ ವಾರದ ಎರಡನೇ ರಜೆಯಿತ್ತು. ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದಳು. ಹನ್ನೊಂದು ಗಂಟೆಯಾದರೂ ಮಂಜು ಪೂರ್ತಿ ಹರಿದಿರಲಿಲ್ಲ. ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವನ ಮುಖ ನೋಡದೆ ಹೇಳಿಬಿಟ್ಟಳು. ತಾನೆಲ್ಲಿ ಕೆಲಸ ಮಾಡುತ್ತೇನೆ, ಆ ನಾಲ್ಕು ಎಲ್ಲಿಂದ ಬಂತು, ಹದಿನಾಲ್ಕರಲ್ಲಿ ಮೂರು ತನ್ನ ಕೈಯವು, ಅಜ್ಜಿ ಅವನ ಬಗ್ಗೆ ಏನಂದಳು, ಎಲ್ಲವನ್ನೂ ಹೇಳಿದಳು.

ಒಂದು ಬಸ್ಸು ಬಂದು ಹೋಯಿತು. ಅವನು ಹತ್ತಲಿಲ್ಲ.

"ಆ ನಾಲ್ಕು ಹಾಕೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದ.

"ಎರಡು ಸೆಕೆಂಡು."

"ಒಂದು ಕೋಣೆ ಮುಗಿಸೋಕೆ ನಂಗೆ ಹದಿನೆಂಟು ನಿಮಿಷ ಬೇಕಿತ್ತು," ಅಂದ. ಕೋಪದಿಂದ ಹೇಳಿದಂತಿರಲಿಲ್ಲ. ಯಾರಾದರೂ ಕೇಳಿದ್ದಕ್ಕೆ ಉತ್ತರ ಕೊಟ್ಟಂತೆ ಹೇಳಿದ. "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಪ್ಪತ್ತೆರಡು ಕೋಣೆ."

"ನಂಗೆ ಗೊತ್ತಿರ್ಲಿಲ್ಲ ಸಂದೀಪ್. ಅದು ನಿಮ್ಮ ಹೆಸರಿಗೆ ಹೋಗತ್ತೆ ಅಂತ ಯಾರೂ ಹೇಳಿರ್ಲಿಲ್ಲ."

"ಅಜ್ಜಿ ಬಂಗಾರ ಅಂದ್ರಾ?"

"ಹೌದು."

ಅವನು ತಲೆಯಾಡಿಸಿದ. "ಅಕ್ಕನಿಗೆ ಇದನ್ನ ಹೇಳ್ಬೇಡಿ. ಅವಳು ತಡ್ಕೊಳ್ಳಲ್ಲ. ಇಂಚರಾನ ಪಾಠ ನಿಂತ್ಹೋಗತ್ತೆ," ಅಂದ. ಮುಂದಿನ ಬಸ್ಸು ಬಂತು. ಕವರನ್ನು ಮಡಚದಂತೆ ಎದೆಗೊತ್ತಿಕೊಂಡು ಹತ್ತಿದ. ಕಿಟಕಿಯಿಂದ ಕೈ ಬೀಸುತ್ತಾನೇನೋ ಎಂದು ಅವಳು ನೋಡಿದಳು. ಅವನು ಆಚೆ ಬದಿಯಲ್ಲಿ ಕೂತಿದ್ದ.

ಮೂರು ವಾರದ ನಂತರ ಏಜೆನ್ಸಿಯಿಂದ ಉತ್ತರ ಬಂತು. ಪ್ರಕರಣವನ್ನು ಮರುಪರಿಶೀಲಿಸಲಾಗಿದೆ, ತೀರ್ಮಾನದಲ್ಲಿ ಬದಲಾವಣೆಯಿಲ್ಲ, ಆದರೆ ಏಳು ವರ್ಷದ ಸೇವೆಯನ್ನು ಪರಿಗಣಿಸಿ ಹಡಗಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಸಹಾಯಕನ ಸ್ಥಾನ ಕೊಡಬಹುದು. ಸಂದೀಪ್ ಎಂದೋ ಆ ವಿಭಾಗ ನೋಡಿದ್ದ. ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲ, ಹಬೆ, ಯಂತ್ರಗಳ ಸದ್ದು. ಭಕ್ಷೀಸಿನ ಹಂಚಿಕೆಯಲ್ಲಿ ಅತಿ ಸಣ್ಣ ಪಾಲು ಅವರದು. ಏರೋಸಿಟಿಯ ಹೋಟೆಲುಗಳಲ್ಲಿ ವಿಚಾರಿಸಿದ. ಅಲ್ಲಿ ಹೇಳಿದ ಸಂಬಳ ಇದಕ್ಕಿಂತಲೂ ಕಡಿಮೆ. ಏಪ್ರಿಲ್ ಎರಡನೇ ವಾರ ಹಡಗು ಸೇರಲು ಹೊರಟ. ಹೋಗುವಾಗ ಧಾರಿಣಿಗೆ ಫೋನು ಮಾಡಲಿಲ್ಲ. ಮಾಡಬೇಕೆಂದು ಅವಳು ನಿರೀಕ್ಷಿಸಿರಲೂ ಇಲ್ಲ.

ಆ ದಿನಗಳಲ್ಲಿ ಅವಳು ನಾಲ್ಕು ಹಾಕುವುದನ್ನು ಬಿಟ್ಟಿದ್ದಳು. ಪ್ರತಿಯೊಂದಕ್ಕೂ 'ಇತರೆ' ಆರಿಸಿ, ಅತಿಥಿ ನಿಜವಾಗಿ ಹೇಳಿದ್ದನ್ನು ಬರೆಯುತ್ತಿದ್ದಳು. ಅವಳ ಸರಾಸರಿ ಏಳು ನಿಮಿಷಕ್ಕೆ ಏರಿತು, ಆಮೇಲೆ ಒಂಬತ್ತಕ್ಕೆ. ಮೊದಲ ತಿಂಗಳು ಎಚ್ಚರಿಕೆ ಬಂತು. ಎರಡನೇ ತಿಂಗಳು ಪ್ರೋತ್ಸಾಹಧನ ಹೋಯಿತು. ಮೂರನೇ ತಿಂಗಳು ಶಿಖಾ ಒಂದು ಹಾಳೆಗೆ ಸಹಿ ಕೇಳಿದಳು. ಮೂವತ್ತು ದಿನದಲ್ಲಿ ಸುಧಾರಿಸದಿದ್ದರೆ ಕೆಲಸದಿಂದ ಬಿಡಿಸಲಾಗುವುದು ಎಂದು ಅದರಲ್ಲಿತ್ತು.

"ನೀನು ಬರೆದ ವಿವರಣೆ ಯಾರೂ ಓದುವುದಿಲ್ಲ ಧಾರಿಣಿ," ಅಂದಳು ಶಿಖಾ. "ಒಪ್ಪಿಗೆಗೆ ಬರೋದು ನನ್ನ ಹತ್ತಿರ. ನಾನೂ ಓದಲ್ಲ. ನನಗೆ ದಿನಕ್ಕೆ ಇನ್ನೂರು ಬರುತ್ತೆ."

ಧಾರಿಣಿ ಸಹಿ ಹಾಕಿದಳು. ಅಪ್ಪನಿಗೆ ಆ ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಅಂದಿನಿಂದ ಬೆಳಗಿನ ಮೊದಲ ಕೆಲವು ಕರೆಗಳಿಗೆ ಮಾತ್ರ 'ಇತರೆ' ಹಾಕುತ್ತಿದ್ದಳು, ಅತಿಥಿಗಳು ಕೆಲಸಗಾರರನ್ನು ಹೆಸರು ಹಿಡಿದು ಹೊಗಳಿದರೆ ಅದಕ್ಕೂ ಹಾಕುತ್ತಿದ್ದಳು. ಸರಾಸರಿ ಮಿತಿ ಮೀರಿ ಪರದೆಯ ಗಡಿಯಾರ ಕೆಂಪಾದ ಮೇಲೆ ಉಳಿದವಕ್ಕೆಲ್ಲ ನಾಲ್ಕು. ಯಾರನ್ನು ಉಳಿಸುವುದು, ಯಾರನ್ನು ಬಿಡುವುದು ಎಂದು ತಾನು ತೂಗುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ಮುಂಚೆ ಅದು ತಿಳಿಯದೆ ಆಗುತ್ತಿತ್ತು. ಜುಲೈಯಲ್ಲಿ ಹೊಸ ಫಾರಂ ಬಂತು. ಕೆಲಸ ಚುರುಕಾಗಲೆಂದು ಅದರಲ್ಲಿ 'ಇತರೆ' ಎಂಬ ಐದನೆಯ ಕಾರಣವನ್ನು ತೆಗೆದುಹಾಕಿದ್ದರು. ಮಹಡಿಯಲ್ಲಿ ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಭಾನುವಾರದ ಪಾಠ ನಿಂತಿರಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಪದ್ಮಕ್ಕ ತಮ್ಮನ ಸುದ್ದಿ ತೆಗೆದರು. ಫೋನು ಮಾಡಿದ್ದನಂತೆ. ಕೈಗೆಲ್ಲ ಹಬೆಯ ಬೊಕ್ಕೆಯಂತೆ, ಆದರೂ ಚೆನ್ನಾಗಿದ್ದೇನೆ ಅಂದನಂತೆ.

"ಏನೋ, ಪೂರ್ತಿ ಕೈಬಿಟ್ಟುಹೋಗಲಿಲ್ಲವಲ್ಲ, ಅದೇ ಪುಣ್ಯ," ಅಂದರು. "ನೀನು ಅರ್ಜಿ ಅಷ್ಟು ಚೆನ್ನಾಗಿ ಬರೆದಿರದಿದ್ದರೆ ಅದೂ ಸಿಕ್ತಿರ್ಲಿಲ್ಲ. ನಮ್ಮನೆಯವರಿಗೂ ಅದನ್ನೇ ಹೇಳ್ತಿರ್ತೇನೆ. ಈ ಊರಲ್ಲಿ ನಮ್ಮವರು ಅಂತ ನೀನಿದ್ದೀಯಲ್ಲ."

ಧಾರಿಣಿ ಅನ್ನದಲ್ಲಿ ಕೈಯಿಟ್ಟುಕೊಂಡು ಕೂತಳು. ಅಕ್ಕನಿಗೆ ಹೇಳಬೇಡಿ ಎಂದು ಸಂದೀಪ್ ಅಂದದ್ದು ನೆನಪಾಯಿತು. ಒಳಗಿನ ಕೋಣೆಯಲ್ಲಿ ಇಂಚರಾ ಏನನ್ನೋ ಗಟ್ಟಿಯಾಗಿ, ತಡವರಿಸುತ್ತಾ ಓದುತ್ತಿದ್ದಳು.

"ಇನ್ನಷ್ಟು ಹುಳಿ ಹಾಕ್ಲಾ?" ಎಂದರು ಪದ್ಮಕ್ಕ.

"ಸ್ವಲ್ಪ ಹಾಕಿ ಅಕ್ಕ," ಅಂದಳು ಧಾರಿಣಿ.